ಕುತ್ತಿಗೆಗೆ ಕಟ್ಟಿದ ಕಣ್ಣಿನ ದೋಷ

ನನ್ನ ಕುತ್ತಿಗೆಗೆ ಯಾವ ಕಾಲದಲ್ಲೂ ಯಾವ ರೋಗವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾನು ಹುಟ್ಟಿ ಬೆಳೆದ ಬೀದಿಗೆ ಇವತ್ತು ಹೋಗಿ ಕೇಳಿದರೂ ‘ಓ, ಆ ಕುತ್ತಿಗೆ ಉಳುಕಿದ ಹುಡುಗಿಯಾ’ ಎಂದೇ ನನ್ನ ಗುರುತು ಹಿಡಿಯುತ್ತಾರೆ. ಉಳುಕಂತೆ ಉಳುಕು! ಹುಟ್ಟುವಾಗಲೇ ಉಳುಕಿಸಿಕೊಂಡು ಬರಲು ನಾನೇನು ಅವ್ವನ ಹೊಟ್ಟೆಯಲ್ಲಿ ಕುಸ್ತಿ ಆಡುತ್ತಿದ್ದೆನೇ?

ಕೆಟ್ಟಿದ್ದು ಬಲಗಣ್ಣು. ನೇರ ನೋಡಿದರೆ ಅದರ ಐಬು ಅಷ್ಟಾಗಿ ಕಾಣುತ್ತಿರಲಿಲ್ಲ. ಎಡಕ್ಕೆ ನೋಡಿದೆನೋ, ಎಡಗಣ್ಣು ತನ್ನ ಪಾಡಿಗೆ ಎಡಕ್ಕೆ ಹೋಗುತ್ತಿತ್ತು, ಬಲಗಣ್ಣು ಮೂಗಿನ ಕಡೆ ಬಂದದ್ದೇ ಸರಕ್ಕನೆ ಮೇಲೆ ಹತ್ತಿ ರೆಪ್ಪೆಯೊಳಗೆ ಅಡಗುತ್ತಿತ್ತು. ತಲೆ ನೆಟ್ಟಗಿಟ್ಟರೆ ಕಂಡದ್ದೆಲ್ಲ ಎರಡೆರಡು, ಒಂದರ ಮೇಲೊಂದು, ಅದೂ ಸೊಟ್ಟಗೆ. ತಲೆಯನ್ನು ಎಡಭುಜದ ಕಡೆ ವಾಲಿಸಿದರೆ ಎರಡೂ ಕೂಡಿಕೊಂಡು ಒಂದಾಗುತ್ತಿದ್ದವು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೂಸಾಗಿದ್ದಾಗಲೇ ನಾನೇ ಕಂಡುಕೊಂಡಿದ್ದೆ. ಎಲ್ಲರ ಹಾಗೆ ತಲೆ ನೆಟ್ಟಗಿಟ್ಟು, ಇರುವ ಒಂದನ್ನು ಒಂದಾಗಿ ನೋಡಬೇಕು. ನನ್ನ ಜೀವಮಾನದ ಆಸೆ ಅಂತ ಏನಾದರೂ ಇದ್ದರೆ ಅದು ಇಷ್ಟೇ.

ಶಾಲೆಯಲ್ಲಿ ಮೇಷ್ಟ್ರು ಸ್ಕೇಲಿನ ತುದಿಯಿಂದ ನನ್ನ ಕೆನ್ನೆ ತಿವಿದು ‘ನೆಟ್ಟಗೆ ಕೂತ್ಕಳೇ’ ಅನ್ನುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ‘ಸಾರ್, ನೆಟ್ಟಗೆ ಕೂತ್ರೆ ಬೋರ್ಡು ಎರಡು ಕಾಣ್ತಾವೆ’ ಅಂದೆ.

‘ಹಂಗಾದ್ರೆ ಮಾರ್ಕ್ಸ್ ಯಾಕಮ್ಮ ಎರಡು ಪಟ್ಟು ಬರಲ್ಲ ನಿಂಗೆ?’ ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಹೊರಗೆ ಬಯಲಲ್ಲಿ ಹುಡುಗಿಯರದು ಬೇರೆ ಆಟ. ನನ್ನ ಎಡಗಡೆ ನಿಂತು ಹೆಸರು ಹಿಡಿದು ಕರೆಯುವುದು, ನಾನು ಕಣ್ಣು ಹೊರಳಿಸುತ್ತಲೇ ‘ಅಟ್ಟ ಹತ್ತಿತು, ಅಟ್ಟ ಹತ್ತಿತು’ ಅಂತ ಚಪ್ಪಾಳೆ ತಟ್ಟುವುದು. ಮಕ್ಕಳು ದೇವರ ಸಮಾನ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟು ‘ಎರಡು ಕಾಣ್ತಾವೆ ಅಂತ ಯಾರ ಮುಂದೂ ಅನ್ಬ್ಯಾಡ. ಕುತ್ತಿಗೆ ನೋಯ್ತೈತೆ ಅನ್ನು’ ಅನ್ನುತ್ತಿದ್ದಳು. ನನಗೆ ಕುತ್ತಿಗೆ ನೋಯುತ್ತಿರಲಿಲ್ಲ. ಆದರೂ ಹಾಗೇ ಅಂದೆ. ಅನ್ನುತ್ತಾ ಅನ್ನುತ್ತಾ ಅದು ನಿಜವಾಗಿ ನೋಯತೊಡಗಿತು, ಕಾರಣ ಬೀದಿಯ ಕೊನೆಮನೆಯ ಅಜ್ಜಿ.

ಆ ಅಜ್ಜಿ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಕಾಲಿನಿಂದ ಒದ್ದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಸೊಂಟ ಹಿಡಿದುಕೊಂಡವರು, ಬೆನ್ನು ಕಚ್ಚಿಕೊಂಡವರು ಎಲ್ಲೆಲ್ಲಿಂದಲೋ ಆಟೋ ಮಾಡಿಕೊಂಡು ಬಂದು ಅವಳ ಕೈಯಲ್ಲಿ, ಅಲ್ಲಲ್ಲ, ಕಾಲಲ್ಲಿ ಒದೆಸಿಕೊಂಡು ಹೋಗುತ್ತಿದ್ದರು. ಅವ್ವ ಅವಳನ್ನು ನಮ್ಮ ಮನೆಗೇ ಕರೆಸುತ್ತಿದ್ದಳು. ನಡುಮನೆಯಲ್ಲಿ ಅಲ್ಲ, ಬೀದಿಗೆ ಕಾಣುವ ಕಟ್ಟೆಯ ಮೇಲೆ. ಬೆಳಗ್ಗೆ ನೀರು ಹಿಡಿಯಲು ಹೆಂಗಸರು ಕೊಡ ಇಟ್ಟುಕೊಂಡು ಸಾಲಾಗಿ ನಿಂತಿರುವ ಹೊತ್ತು. ‘ಬರ್ರಿ ಅಕ್ಕಾ, ಹುಡುಗಿಗೆ ಉಳುಕು ತೆಗಸ್ತೀನಿ’ ಅಂತ ಅವ್ವ ಕೂಗಿ ಹೇಳುತ್ತಿದ್ದಳು. ನನ್ನನ್ನು ಬೋರಲು ಮಲಗಿಸುತ್ತಿದ್ದರು. ಅಜ್ಜಿ ಗೋಡೆ ಹಿಡಿದು, ಕಿವಿಯ ಕೆಳಗೆ ಹಿಮ್ಮಡಿ ಊರಿ, ಶಿವಶಿವಾ ಅನ್ನುತ್ತಾ ಒದೆಯುತ್ತಿದ್ದಳು. ಒಡೆದ ಹಿಮ್ಮಡಿ, ಚರ್ಮ ಕಿತ್ತು ಬರುವಂಥದ್ದು. ನಾನು ಅತ್ತರೆ ಹೆಂಗಸರು ‘ಅಯ್ಯೋ ಪಾಪ, ನರ ಬಿಡ್ತಾ ಐತೆ, ಅಳ್ಲಿ ಬಿಡು’ ಅನ್ನುತ್ತಿದ್ದರು. ಅಪ್ಪ ಊರಂಚಿನ ಕರೂರಿನ ಕಾರ್ಖಾನೆಗೆ ಲೇತ್ ಕೆಲಸಕ್ಕೆ ಹೊರಟವನು ಸೈಕಲ್ ತಳ್ಳಿಕೊಂಡು ನಮ್ಮೆದುರೇ ದಾಟಿ ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ನನ್ನ ತಂಗಿ ಬಾಗಿಲಲ್ಲಿ ನಿಂತು ಬೆಲ್ಲ ಚೀಪುತ್ತಿದ್ದಳು. ಅವಳ ಕಣ್ಣು ಚೆನ್ನಾಗಿದ್ದವು, ಇವತ್ತಿಗೂ ಚೆನ್ನಾಗಿವೆ.

ದೊಡ್ಡವಳಾದ ಮೇಲೆ ಒದೆಸುವುದು ನಿಂತಿತು. ಮೈನೆರೆದ ಹುಡುಗಿಯನ್ನು ಕಟ್ಟೆಯ ಮೇಲೆ ಬೋರಲು ಮಲಗಿಸುವುದು ಚೆನ್ನಾಗಿ ಕಾಣುವುದಿಲ್ಲ ಅಂತ, ನನಗೆ ನೋವಾಗುತ್ತದೆ ಅಂತಲ್ಲ.

ಮುಂದೆ ಹರಿಹರದಿಂದ ಒಂದು ಸಂಬಂಧ ಬಂತು. ಪೈಪು, ಸಿಮೆಂಟು ಮಾರುವ ಅಂಗಡಿ, ಸ್ವಂತ ಮನೆ, ಒಬ್ಬನೇ ಮಗ. ಅವರು ನೋಡಲು ಬರುವ ದಿನ ಅವ್ವ ನಡುಮನೆಯನ್ನು ಬುದ್ಧಿವಂತಿಕೆಯಿಂದ ಜೋಡಿಸಿದಳು. ನಾನು ಕೂಡುವ ಚಾಪೆಯ ಎಡಗಡೆಗೆ ಜೋಳದ ಚೀಲ ಪೇರಿಸಿದಳು, ಯಾರೂ ಕೂಡದ ಹಾಗೆ. ಕುರ್ಚಿಗಳೆಲ್ಲ ಬಲಕ್ಕೆ. ‘ಯಾರೇ ಕರೆದ್ರೂ ಎಡಕ್ಕೆ ನೋಡ್ಬ್ಯಾಡ, ಸತ್ತರೂ ನೋಡ್ಬ್ಯಾಡ’ ಅಂತ ಕಿವಿ ಹಿಂಡಿ ಹೇಳಿದಳು. ನಾನು ತಲೆ ವಾಲಿಸಿಕೊಂಡು, ಬಲಕ್ಕೆ ಮಾತ್ರ ಕಣ್ಣು ಬಿಡುತ್ತಾ ಕೂತೆ.

ಹುಡುಗನ ತಾಯಿ, ಅಂದರೆ ಮುಂದೆ ನನ್ನ ಅತ್ತೆಯಾದವರು, ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬಂದಾಗಿಂದ ತಲೆನೇ ಎತ್ತಿಲ್ಲ ನೋಡ್ರಿ. ಈಗಿನ ಹುಡುಗೇರಿಗೆ ಇಷ್ಟು ನಾಚಿಕೆ ಎಲ್ಲೈತೆ? ನಮ್ಮನಿಗೆ ಇಂಥಾಕೀನೇ ಬೇಕಾಗಿತ್ತು’ ಅಂದರು.

‘ಸಣ್ಣಾಕಿದ್ದಾಗ ಕುತ್ತಿಗೆ ಒಂಚೂರು ಉಳುಕಿತ್ರೀ’ ಅಂದಳು ಅವ್ವ. ‘ಈಗೆಲ್ಲ ಬಿಟ್ಟೈತೆ. ಇದು ನಾಚಿಕೆ ಅಷ್ಟೇ.’

ಅವರು ಅಷ್ಟಕ್ಕೇ ನಂಬಲಿಲ್ಲ, ವ್ಯಾಪಾರದ ಜನ. ಹೊರಗೆ ಬಂದು ಬೀದಿಯವರನ್ನು ವಿಚಾರಿಸಿದರು. ಬೀದಿಯ ಒಬ್ಬೊಬ್ಬರೂ ‘ಹೌದ್ರಿ, ಉಳುಕು. ನಮ್ಮ ಕಣ್ಣೆದುರಿಗೇ ತೆಗೆಸ್ತಿದ್ರು’ ಅಂತ ಸಾಕ್ಷಿ ಹೇಳಿದರು. ಮದುವೆಯಾಯಿತು. ಗಂಡನ ಎಡಕ್ಕೆ ಹೆಂಡತಿ ನಿಲ್ಲಬೇಕು ಅನ್ನುವ ಶಾಸ್ತ್ರ ನನ್ನ ಪಾಲಿಗೆ ವರವಾಯಿತು. ಇಡೀ ಮದುವೆಯಲ್ಲಿ ಅವರನ್ನು ಬಲಕ್ಕೇ ನೋಡಿಕೊಂಡು ಪಾರಾದೆ.

ಹರಿಹರದ ಮನೆಯಲ್ಲಿ ಅಡುಗೆಮನೆಯ ಬಾಗಿಲು ಒಲೆಯ ಎಡಕ್ಕಿತ್ತು. ವಾರ ತುಂಬುವುದರೊಳಗೆ ಅತ್ತೆ ಆ ಬಾಗಿಲಲ್ಲಿ ನಿಂತು ಕರೆದರು, ನಾನು ಮರೆತು ನೋಡಿದೆ. ಅವರ ಕೈಯ ತಟ್ಟೆ ಅಲ್ಲೇ ಬಿತ್ತು. ‘ಯಪ್ಪಾ, ಇದರ ಕಣ್ಣು ನೋಡ್ರಪಾ! ನಿಮ್ಮವ್ವ ನಮ್ಮ ಕಣ್ಣಿಗೆ ಮಣ್ಣೆರಚಿಬಿಟ್ಲಲ್ಲೇ!’ ಅಂತ ಎದೆ ಬಡಿದುಕೊಂಡರು. ನನ್ನ ಗಂಡ ಅಂಗಡಿಯಿಂದ ಬಂದವರು ನನ್ನನ್ನು ನಿಲ್ಲಿಸಿ, ಬೆರಳು ಎಡಕ್ಕೂ ಬಲಕ್ಕೂ ಆಡಿಸಿ ಪರೀಕ್ಷೆ ಮಾಡಿದರು. ಪೈಪಿನ ಸೀಳು ಹುಡುಕುವವರ ಹಾಗೆ. ಆಮೇಲೆ ಊಟಕ್ಕೆ ಕೂತರು.

ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಓಣಿಯವರೆಲ್ಲ ಬಂದು ನೋಡಿ ‘ಎಂಥಾ ತಗ್ಗಿಬಗ್ಗಿ ನಡೆಯೋ ಸೊಸೆ ತಂದೀರಿ’ ಅಂತ ಹೊಗಳಿ ಹೋಗಿದ್ದರು. ಆ ಹೊಗಳಿಕೆ ಬಿಟ್ಟುಕೊಡಲು ಅತ್ತೆಗೆ ಮನಸ್ಸಿರಲಿಲ್ಲ. ಹಾಗಾಗಿ ಮನೆಯೊಳಗೆ ನಾನು ಮೆಳ್ಳಗಣ್ಣಿ, ಹೊರಗೆ ಆದರ್ಶ ಸೊಸೆ. ಮದುವೆ ಮುಂಜಿಗಳಲ್ಲಿ ಎಲ್ಲರ ಎಡತುದಿಗೆ ನನ್ನನ್ನು ನಿಲ್ಲಿಸುತ್ತಿದ್ದರು. ಎಡಕ್ಕೆ ಯಾರಾದರೂ ಬಂದು ನಿಂತರೆ ಸೊಂಟಕ್ಕೆ ಚಿವುಟುತ್ತಿದ್ದರು. ಬೀಗರ ಮುಂದೆ ನನ್ನ ವಾಲಿದ ತಲೆ ತೋರಿಸಿ ‘ಇಷ್ಟು ವರ್ಷ ಆತು, ನನ್ನೆದುರು ಒಂದಿನ ತಲೆ ಎತ್ತಿಲ್ರೀ ಇಕಿ’ ಅನ್ನುವಾಗ ಅವರ ಮುಖದಲ್ಲಿ ಎಂಥ ಕಳೆ!

ನಲವತ್ತು ಸಮೀಪಿಸುವಾಗ ಕುತ್ತಿಗೆ ಸೋಲತೊಡಗಿತು. ಎಷ್ಟು ವಾಲಿಸಿದರೂ ಎರಡು ಚಿತ್ರ ಕೂಡಿಕೊಳ್ಳುತ್ತಿರಲಿಲ್ಲ. ತುಂಗಭದ್ರೆಯ ಸೇತುವೆ ಮೇಲೆ ಹೋದರೆ ಎದುರಿಗೆ ಬರುವ ಒಂದು ಬಸ್ಸಿನ ತಲೆ ಮೇಲೆ ಇನ್ನೊಂದು ಬಸ್ಸು. ಮೆಟ್ಟಿಲು ಇಳಿಯುವುದೆಂದರೆ ಜೀವ ಕೈಯಲ್ಲಿ. ಎರಡರಲ್ಲಿ ಕೆಳಗಿನದು ನಿಜ ಅಂತಲೋ ಮೇಲಿನದು ನಿಜ ಅಂತಲೋ ಅಂದಾಜಿನ ಮೇಲೆ ಬದುಕುತ್ತಿದ್ದೆ. ಒಂದು ದಿನ ಅಂದಾಜು ತಪ್ಪಿತು. ಕುದಿಯುವ ಚಹಾವನ್ನು ಇಲ್ಲದ ಲೋಟಕ್ಕೆ ಸುರಿದೆ. ಇದ್ದದ್ದು ಅತ್ತೆಯ ಕೈ.

‘ಬೇಕಂತಾನೇ ಸುಟ್ಲು, ನನ್ನ ಬೇಕಂತಾನೇ ಸುಟ್ಲು’ ಅಂತ ಅವರು ಓಣಿ ಕೇಳುವ ಹಾಗೆ ಕಿರುಚಿದರು. ದೇವರಾಣೆ, ಬೇಕಂತ ಮಾಡಿದ್ದಲ್ಲ. ಆದರೆ ಆ ಕಿರುಚಾಟ ಕೇಳಿ ನನಗೆ ಕರುಳು ಚುರಕ್ ಅಂದಿತು ಅಂತ ಸುಳ್ಳು ಹೇಳಲಾರೆ.

ಆಮೇಲೆ ನಾನು ಯಾರನ್ನೂ ಕೇಳದೆ ಬಸ್ಸು ಹತ್ತಿ ದಾವಣಗೆರೆಗೆ ಬಂದು ಅವ್ವನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆ. ಡಾಕ್ಟರು ನನಗಿಂತ ಚಿಕ್ಕ ಹೆಂಗಸು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಎಡಭುಜಕ್ಕೆ ವಾಲಿಸಿದರು, ಆಮೇಲೆ ಬಲಭುಜಕ್ಕೆ. ಬಲಕ್ಕೆ ವಾಲಿಸಿದ ಕೂಡಲೇ ಬಲಗಣ್ಣು ಮೇಲೆ ಹಾರಿದ್ದು ನನಗೇ ಗೊತ್ತಾಯಿತು, ಕೋಣೆಯೇ ಎರಡಾಯಿತು. ‘ಕುತ್ತಿಗೆಗೆ ಏನೂ ಆಗಿಲ್ಲಮ್ಮ’ ಅಂದರು. ‘ಕಣ್ಣುಗುಡ್ಡೆಯನ್ನ ಕೆಳಗೆ ಎಳೆಯೋ ಒಂದು ಸ್ನಾಯು ಹುಟ್ಟಿನಿಂದಲೇ ಬಲ ಇಲ್ಲದ್ದು. ಅದರ ಎದುರಿನದು, ಮೇಲಕ್ಕೆ ಎಳೆಯೋದು, ಕೇಳೋರಿಲ್ಲ ಅಂತ ಅತಿಯಾಗಿ ಎಳೀತಿದೆ. ಅದನ್ನ ಇದ್ದ ಜಾಗದಿಂದ ಬಿಡಿಸಿ ಸ್ವಲ್ಪ ಹಿಂದೆ ಹೊಲಿದರೆ ಎಳೆತ ಸಡಿಲಾಗುತ್ತೆ. ಆಮೇಲೆ ತಲೆ ವಾಲಿಸೋ ಅಗತ್ಯ ಬೀಳದೇ ಇರಬಹುದು.’

ನಾನು ಅಲ್ಲೇ ಅತ್ತುಬಿಟ್ಟೆ. ನನ್ನ ಕುತ್ತಿಗೆಯ ಮೇಲೆ ಸುಳ್ಳು ಕೇಸು ಇಷ್ಟು ವರ್ಷ ನಡೆದು ಈಗ ಖುಲಾಸೆಯಾದ ಹಾಗೆ. ಪಕ್ಕದಲ್ಲಿ ಅವ್ವ ನೆಲ ನೋಡುತ್ತಾ ಕೂತಿದ್ದಳು. ನನಗಾಗಿ ನೊಂದಿದ್ದಾಳೆ ಅಂದುಕೊಂಡೆ.

ಹರಿಹರದಲ್ಲಿ ವಿಷಯ ತೆಗೆದರೆ ಅತ್ತೆ ಸುಟ್ಟ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಾ ‘ಈ ವಯಸ್ನಾಗೆ ಯಾರಿಗೆ ತೋರಿಸಾಕೆ ನಿಂಗೆ ಕಣ್ಣು?’ ಅಂದರು. ‘ಕುರುಡಿ ಆಗಿ ಬಂದ್ರೆ ನಿಮ್ಮವ್ವನ ಮನಿಗೇ ಹೋಗು, ನಮ್ಮನ್ಯಾಗೆ ಜಾಗ ಇಲ್ಲ.’

ಗಂಡನ ಮುಖ ನೋಡಿದೆ. ಎರಡು ಮುಖ ಕಂಡವು, ಎರಡರಲ್ಲೂ ನನ್ನ ಪರವಾದದ್ದು ಏನೂ ಇರಲಿಲ್ಲ. ‘ಅಮ್ಮ ಹೇಳ್ದಂಗೆ ಮಾಡು’ ಅಂದರು. ಮಾರನೆಯ ದಿನ ನಾನು ಬ್ಯಾಗು ಹಿಡಿದು ಹೊರಟೆ. ಯಾರೂ ಬಸ್‌ಸ್ಟ್ಯಾಂಡಿನ ತನಕ ಬರಲಿಲ್ಲ.

ಆಪರೇಷನ್ನು ಎಚ್ಚರದಲ್ಲೇ ಆಯಿತು. ಕಣ್ಣಿನ ಪಕ್ಕ ಸೂಜಿ ಹಾಕಿ ಮರಗಟ್ಟಿಸಿದರು. ನೋವಿರಲಿಲ್ಲ, ಆದರೆ ಸ್ನಾಯುವಿಗೆ ಕೊಕ್ಕೆ ಹಾಕಿ ಎಳೆದಾಗ ಕಣ್ಣಿನ ಹಿಂದಿನಿಂದ ಹೊಟ್ಟೆಯ ತನಕ ಯಾರೋ ಹಗ್ಗ ಜಗ್ಗಿದ ಹಾಗಾಗಿ ವಾಕರಿಕೆ ಬಂತು. ‘ಉಸಿರಾಡಿ, ಉಸಿರಾಡಿ, ಇದೇ ನಿಮ್ಮನ್ನ ಇಷ್ಟು ದಿನ ಆಟ ಆಡಿಸಿದ್ದು’ ಅಂದರು ಡಾಕ್ಟರು. ನನಗೆ ಆ ಸ್ನಾಯುವನ್ನು ಕಣ್ಣಾರೆ ನೋಡಬೇಕು, ಬೈಯಬೇಕು ಅನ್ನಿಸಿತು.

ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿದರು. ಕಣ್ಣು ಕುಂಕುಮ ಚೆಲ್ಲಿದ ಹಾಗೆ ಕೆಂಪಗಿತ್ತು, ನೀರು ಸುರಿಯುತ್ತಿತ್ತು. ‘ತಲೆ ನೆಟ್ಟಗಿಡಿ’ ಅಂದರು. ನೆಟ್ಟಗಿಟ್ಟೆ. ಎದುರಿನ ಗೋಡೆಯಲ್ಲಿ ಒಂದು ಗಡಿಯಾರ. ಒಂದೇ! ಒಂದು ಕಿಟಕಿ, ಕಿಟಕಿಯಾಚೆ ಒಂದು ಬೇವಿನ ಮರ, ಒಬ್ಬರೇ ಡಾಕ್ಟರು. ಎಡಕ್ಕೆ ನೋಡಿ ಅಂದರು, ನೋಡಿದೆ, ಒಬ್ಬಳೇ ಅವ್ವ. ಅಂಥ ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ. ನಾಚಿಕೆ ಬಿಟ್ಟು ಗಟ್ಟಿಯಾಗಿ ನಕ್ಕೆ.

ನಗುತ್ತಲೇ ಕನ್ನಡಿ ಕೇಳಿದೆ. ಕೊಟ್ಟರು. ನಗು ಅಲ್ಲೇ ನಿಂತಿತು.

ಕನ್ನಡಿಯಲ್ಲಿದ್ದವಳ ಎಡಕೆನ್ನೆ ಬಲಕೆನ್ನೆಗಿಂತ ಸಣ್ಣದು, ಬತ್ತಿದ್ದು. ತುಟಿಯ ಗೆರೆ ಎಡಕ್ಕೆ ಏರಿತ್ತು. ಮೂಗು ಕೂಡ ಯಾವುದೋ ಕಡೆಗೆ ಮುನಿಸಿಕೊಂಡಂತೆ. ಹುಟ್ಟಿದಾಗಿನಿಂದ ಕನ್ನಡಿಯನ್ನೂ ತಲೆ ವಾಲಿಸಿಯೇ ನೋಡಿದವಳು ನಾನು, ನನ್ನ ಮುಖ ನನಗೇ ಗೊತ್ತಿರಲಿಲ್ಲ. ‘ಬೆಳೆಯೋ ವಯಸ್ಸಲ್ಲಿ ತಲೆ ಒಂದೇ ಕಡೆ ವಾಲಿದ್ರೆ ಆ ಕಡೆಯ ಮುಖ ಪೂರ್ತಿ ಬೆಳೆಯಲ್ಲ’ ಅಂದರು ಡಾಕ್ಟರು, ಮೆತ್ತಗೆ. ‘ಚಿಕ್ಕವರಿದ್ದಾಗಲೇ ಮಾಡಿಸಿದ್ರೆ ಸಮ ಬೆಳೀತಿತ್ತೇನೋ. ಎಲುಬು ಬೆಳೆದು ಮುಗಿದ ಮೇಲೆ ನಮ್ಮ ಕೈಲಿ ಏನಿಲ್ಲ.’

ಅವರು ಹೋದ ಮೇಲೆ ಅವ್ವ ಮೂಸಂಬಿ ಸುಲಿಯುತ್ತಾ ‘ಆ ಡಾಕ್ಟ್ರೂ ಹಿಂಗೇ ಅಂದಿದ್ದ’ ಅಂದಳು.

‘ಯಾವ ಡಾಕ್ಟ್ರು?’

ಅವಳಿಗೆ ಬಾಯಿ ಜಾರಿದ್ದು ಗೊತ್ತಾಯಿತು. ಆದರೆ ನುಂಗಿಕೊಳ್ಳುವ ಜಾತಿಯವಳಲ್ಲ ನಮ್ಮವ್ವ. ‘ನೀ ಸಾಲಿಗೆ ಸೇರಿದ ವರ್ಷ ಅಲ್ಲಿಗೇ ಕಣ್ಣು ನೋಡಾಕೆ ಡಾಕ್ಟ್ರು ಬಂದಿದ್ರಲ್ಲ, ಆವಾಗ. ಇದು ಕುತ್ತಿಗೆ ಅಲ್ಲ, ಕಣ್ಣು, ಬೇಗ ಆಪರೇಷನ್ ಮಾಡಿಸ್ರಿ, ಇಲ್ಲಾಂದ್ರೆ ಮುಖ ಸೊಟ್ಟ ಬೆಳೀತೈತೆ ಅಂದ.’

‘ನಿಂಗೆ ಗೊತ್ತಿತ್ತಾ?’

‘ಗೊತ್ತಿದ್ರೇನು? ಕಣ್ಣಿನ ಐಬು ಅಂದ್ರೆ ರಕ್ತದಾಗೆ ಐತೆ ಅಂತಾರೆ ಜನ. ನಿನ್ನೂ ಒಯ್ಯಲ್ಲ, ನಿನ್ನ ಬೆನ್ನಿಗೆ ಇದ್ದಾಕೀನೂ ಒಯ್ಯಲ್ಲ. ಉಳುಕು ಅಂದ್ರೆ ಯಾರಿಗಾದ್ರೂ ಆಗ್ತೈತೆ, ಬಿಡ್ತೈತೆ. ಅದಕ್ಕೇ ಆ ಮುದುಕೀನ ಕರೆಸಿ ನಾಲ್ಕು ಜನ ನೋಡೋ ಹಂಗೆ ಒದಿಸ್ತಿದ್ದೆ. ಸುಮ್ನೆ ಹೇಳಿದ್ರೆ ಯಾರು ನಂಬ್ತಿದ್ರು?’ ಎಳೆ ಬಿಡಿಸಿದ ಮೂಸಂಬಿಯ ತೊಳೆಯನ್ನು ನನ್ನ ಬಾಯಿಗೆ ಹಿಡಿದಳು. ‘ನೋಡು, ಇಬ್ಬರದೂ ಮದುವಿ ಆತು.’

ನನ್ನ ಕಿವಿಯ ಕೆಳಗೆ ಬಿದ್ದ ಒಂದೊಂದು ಒದೆಯೂ ಬೀದಿಯವರಿಗೆ ತೋರಿಸಲಿಕ್ಕೆ ಬಿದ್ದದ್ದು. ಗೊತ್ತಿಲ್ಲದೆ ಮಾಡಿದ್ದರೆ ಹಳ್ಳಿ ಬುದ್ಧಿ ಅಂತ ಬಿಟ್ಟುಬಿಡುತ್ತಿದ್ದೆ. ಗೊತ್ತಿದ್ದು ಮಾಡಿದಳು. ತೊಳೆಯನ್ನು ಉಗುಳಿದೆ. ಅವ್ವನ ಮುಖಕ್ಕೆ ಉಗಿಯಬೇಕು ಅನ್ನಿಸಿತ್ತು, ಆಸ್ಪತ್ರೆ ಅಂತ ಸುಮ್ಮನಾದೆ. ‘ಅವ್ವ ಅಲ್ಲ, ದಲ್ಲಾಳಿ ನೀನು’ ಅಂದೆ. ಅವಳಿಗೆ ಅದೇನು ಬೈಗುಳ ಅಂತ ಅನ್ನಿಸಲೇ ಇಲ್ಲ.

‘ಹೂಂ, ಕೂಗಾಡು. ಅವತ್ತು ನಿನ್ನ ಪೂರ್ತಿ ನೋಡಿದ್ರೆ ಹರಿಹರದಾಕಿ ತಗಂಡ್ ಹೋಗ್ತಿದ್ಲಾ? ಹೋಗಿ ಕೇಳು’ ಅಂದಳು.

ಕೆಂಪು ಇಳಿದ ಮೇಲೆ ಹರಿಹರಕ್ಕೆ ಹೋದೆ. ಬೇರೆಲ್ಲಿಗೆ ಹೋಗಲಿ? ನಿಟ್ಟುವಳ್ಳಿಯ ಮನೆಯ ಕಟ್ಟೆ ನೋಡಿದರೇ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬಸ್ಸಿಳಿದು ತಲೆ ನೆಟ್ಟಗಿಟ್ಟುಕೊಂಡೇ ನಡೆದೆ. ಅರ್ಧ ಹರಿ, ಅರ್ಧ ಹರ ಆಗಿ ನಿಂತ ದೇವರಿಗೆ ದಿನಾ ಕೈ ಮುಗಿಯುವ ಊರು, ನನ್ನ ಎರಡು ಥರದ ಅರ್ಧಗಳನ್ನು ನೋಡಿ ನಿಂತುಬಿಟ್ಟಿತು. ದಿನಾ ಮಾತಾಡಿಸುವ ಪಕ್ಕದ ಮನೆಯಾಕೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಒಳಗೆ ಹೋದಳು.

ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಗಂಡ ಊಟಕ್ಕೆ ಬಂದಿದ್ದರು. ‘ಕಣ್ಣು ಸರಿ ಹೋತು’ ಅಂದೆ. ಎಡಕ್ಕೆ, ಅತ್ತೆಯ ಕಡೆಗೆ, ಬೇಕಂತಲೇ ನೋಡಿದೆ. ಕಣ್ಣು ಮೇಲೆ ಹತ್ತಲಿಲ್ಲ. ಆದರೆ ಅವರು ಕಣ್ಣು ನೋಡುತ್ತಿರಲಿಲ್ಲ.

‘ಬೆಳಕಿಗೆ ಬಾ’ ಅಂದರು. ಹೋದೆ. ಗದ್ದ ಹಿಡಿದು ಆಚೆ ಈಚೆ ತಿರುಗಿಸಿದರು. ‘ಮುಖ ಕೆಡಿಸ್ಕಂಡು ಬಂದೀಯಲ್ಲೇ!’

‘ಕೆಡಿಸ್ಕಂ‍ಡಿಲ್ಲ ಅತ್ತಿ. ಮೊದ್ಲಿಂದ ಹಿಂಗೇ ಇತ್ತು. ತಲೆ ವಾಲಿದ್ದಕ್ಕೆ ಕಾಣ್ತಿರಲಿಲ್ಲ.’

ಅವರು ಗದ್ದ ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಾಳಾದ ಸಾಮಾನಿನ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು: ‘ಅವತ್ತು ಇದನ್ನ ಪೂರ್ತಿ ಕಂಡಿದ್ರೆ ನಿಮ್ಮನಿ ನೀರೂ ಕುಡೀತಿರಲಿಲ್ಲ ನಾನು.’

ಗಂಡ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ಬಹಳ ಹೊತ್ತು ನೋಡಿದರು. ಒಬ್ಬರೇ ಕಂಡರು, ಸ್ಪಷ್ಟವಾಗಿ. ‘ಮನ್ಯಾಗೆ ಹೆಂಗಾದ್ರೂ ಇರು’ ಅಂದರು. ‘ಅಂಗಡಿ ಕಡೆ ಬರುವಾಗ ಮೊದಲಿನಂಗೆ ಒಂದೀಟು ವಾಲಿಸ್ಕಂಡು ಬಾ.’

ನಾನು ವಾಲಿಸಲಿಲ್ಲ. ಇವತ್ತಿಗೂ ವಾಲಿಸಿಲ್ಲ, ಅಂಗಡಿ ಕಡೆಗೂ ಹೋಗಿಲ್ಲ.

ಸಂಜೆ ಅವ್ವ ಫೋನು ಮಾಡಿದಳು. ‘ಏನಂದ್ರು ನಿಮ್ಮತ್ತಿ?’ ಅಂದಳು. ಅಂದದ್ದನ್ನು ಅಂದ ಹಾಗೇ ಹೇಳಿದೆ. ‘ಮತ್ತೆ? ನಾನೇನು ಸುಳ್ಳು ಹೇಳಿದ್ನಾ?’ ಅಂದಳು. ದನಿಯಲ್ಲಿ ಗೆದ್ದ ಖುಷಿ ತುಳುಕುತ್ತಿತ್ತು.

ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕ ಸರಿಯಾಗಿತ್ತು. ಅವಳನ್ನು ನಾನು ಈ ಜನ್ಮದಲ್ಲಿ ಕ್ಷಮಿಸದೇ ಇರುವುದು ಅದಕ್ಕೇ.